ಒಂಬತ್ತು ಕೈಗಳ ನಾಡಿ

ಶಿವಗಣಾರಾಧನೆ ಮುಗಿದ ಮರುದಿನ ಮಂಗಳವಾರ. ನೆಂಟರೆಲ್ಲ ಹಿಂದಿನ ಸಂಜೆಯೇ ಬಸ್ಸು ಹತ್ತಿದ್ದರು. ನನ್ನ ಗಂಡ ಪ್ರಭುವನ್ನು ಮಣ್ಣು ಮಾಡಿ ಐದು ದಿನವಾಗಿತ್ತು. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಬಂತು. ನಳದಲ್ಲಿ ನೀರು ಬಂತು. ಎದುರುಮನೆಯವರು ಗೇಟಿನ ಮುಂದೆ ನೀರು ಹೊಡೆದು ರಂಗೋಲಿ ಎಳೆದರು. ಅತ್ತೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಅವರು ಮೂವರಿಗಾಗುವಷ್ಟು ಬಡಿದು, ಆಮೇಲೆ ನೆನಪಾಗಿ ನಿಲ್ಲಿಸಿದರು.

ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ಐದು ದಿನದಿಂದ ಎಲ್ಲರೂ ಹಾಗೆಯೇ ನೋಡುತ್ತಿದ್ದರು.

“ಒಂದ್ ಹನಿನೂ ಹಾಕವಲ್ಲಿ ನೋಡು ಲೀಲಾ. ಮಂದಿ ಏನೇನರ ಅಂತಾರ.”

“ಬರವಲ್ದು ಅತ್ತಿ.”

“ಬರವಲ್ದು ಅಂದ್ರ? ಅದೇನು ನಳದ ನೀರೇನ, ವ್ಯಾಳ್ಯಾಕ್ಕ ಬರಾಕ?”

ಅವರು ಒಳಗೆ ಹೋದರು. ನಾನು ಪ್ರಭುವಿನ ಮೇಜಿನ ಮುಂದೆ ಕುಳಿತೆ. ಅಲ್ಲಿ ಒಂದು ಕೈಪಟ್ಟಿ ಬಿದ್ದಿತ್ತು. ಪ್ರಭು ಕೆಲಸ ಮಾಡುತ್ತಿದ್ದ ಪ್ರಯೋಗಾಲಯ ಮಾಡಿದ್ದು. ಎರಡು ವರ್ಷದಿಂದ ರಾಜ್ಯದ ಹುಡುಗರ ವೀಕ್ಷಣಾಲಯಗಳಲ್ಲಿ, ಅಂದರೆ ಅಪರಾಧದ ಆರೋಪ ಹೊತ್ತ, ಹದಿನೆಂಟು ತುಂಬದ ಮಕ್ಕಳನ್ನು ಇಡುವ ಮನೆಗಳಲ್ಲಿ, ಪ್ರತಿಯೊಬ್ಬನ ಮಣಿಕಟ್ಟಿನಲ್ಲೂ ಇದು ಇದೆ. ನಾಡಿ, ಚರ್ಮದ ಬೆವರು, ನಿದ್ದೆಯಲ್ಲಿ ಹೊರಳಾಟ, ಇವನ್ನು ಓದಿ ಮಗುವಿನ ಮನಸ್ಸು ಹೇಗಿದೆಯೆಂದು ಹೇಳುತ್ತದೆ. ಹಸಿರಾದರೆ ನೆಮ್ಮದಿ. ಹಳದಿಯಾದರೆ ಗಮನ ಬೇಕು. ಕೆಂಪಾದರೆ ಯಾರಾದರೂ ಓಡಿ ಬರಬೇಕು. ಹುಡುಗಿಯರ ಮನೆಗಳ ಪೈಕಿ ಇನ್ನೂ ಒಂದರಲ್ಲಿ ಮಾತ್ರ ಪ್ರಯೋಗ ನಡೆದಿತ್ತು, ನಮ್ಮ ಊರಿನ ಆಚೆ ಬೈಪಾಸ್ ರಸ್ತೆಯ ಪಕ್ಕ.

ಪಟ್ಟಿಯನ್ನು ಕಟ್ಟಿಕೊಂಡೆ. ಪ್ರಭುವಿನ ಹಳೆಯ ಫೋನಿನಲ್ಲಿ ಅದರ ಪರದೆ ತೆರೆಯಿತು. ಹದಿನೆಂಟಕ್ಕಿಂತ ಹೆಚ್ಚಿನ ವಯಸ್ಸನ್ನು ಅದು ಒಪ್ಪಲಿಲ್ಲ. ಹದಿನೇಳು ಎಂದು ಬರೆದೆ. ಗಂಡೋ ಹೆಣ್ಣೋ ಎಂದು ಕೇಳಿತು. ಹೆಣ್ಣು. ಹನ್ನೆರಡು ನಿಮಿಷ ಕಳೆದ ಮೇಲೆ ಹಸಿರು ಬಂತು.

“ನೆಮ್ಮದಿ. ನೆರವಿನ ಅಗತ್ಯವಿಲ್ಲ.”

ನಾನು ಸಂಖ್ಯಾಶಾಸ್ತ್ರ ಓದಿದವಳು. ಪ್ರಭುವೂ ನಾನೂ ಒಂದೇ ತರಗತಿ. ಒಂದು ಉತ್ತರ ಬಂದರೆ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಮತ್ತೆ ಕೇಳುವುದು ನಮ್ಮಿಬ್ಬರ ಚಟ. ಗಂಡು ಎಂದು ಬದಲಿಸಿದೆ. ಅದೇ ಕೈ, ಅದೇ ಹನ್ನೆರಡು ನಿಮಿಷಗಳ ನಾಡಿ. ಹಳದಿ.

“ಗಮನವಿರಲಿ. ಈ ಹುಡುಗನನ್ನು ಒಂಟಿಯಾಗಿ ಬಿಡಬೇಡಿ.”

ನಾನು ಪಟ್ಟಿಯನ್ನು ಬಿಚ್ಚಲಿಲ್ಲ.

*

ಹನ್ನೊಂದು ಗಂಟೆಗೆ ಪ್ರಯೋಗಾಲಯದ ಮುಖ್ಯಸ್ಥ ಡಾ. ಇನಾಮದಾರ ಬಂದರು. ಚಹಾ ಬೇಡವೆಂದರು, ಆಮೇಲೆ ಕುಡಿದರು. ಪ್ರಭುವಿನ ಗುಣಗಾನ ಮಾಡಿದರು. ಆಫೀಸಿನ ಲ್ಯಾಪ್‌ಟಾಪ್ ಬೇಕಿತ್ತಂತೆ. ತಂದುಕೊಟ್ಟೆ.

“ಪೊಲೀಸರು ಬ್ಯಾಗ್ ಕೊಟ್ಟಾರಲ್ಲ, ಅದರಾಗ ಏನರ ಇತ್ತೇನ್ರೀ?”

“ಇನ್ನೂ ತೆಗೆದು ನೋಡಿಲ್ಲ ಸರ್.”

“ಕಾಗದಾ ಗೀಗದಾ... ಹುಡ್ಗ್ಯಾರ ಕಡಿಂದ ಇಸ್ಕೊಂಡದ್ದು ಏನರ?” ಬಟ್ಟಲನ್ನು ಕೆಳಗಿಟ್ಟರು. “ಅಂವ ಅಲ್ಲೆ ಭಾಳ ಸಲ ಹೋಗ್ತಿದ್ದ. ನಿಮಗೆ ಹೇಳಿರಬೇಕಲ್ಲ.”

ಹೇಳಿರಲಿಲ್ಲ. ಕಳೆದ ಬುಧವಾರ ಪ್ರಯೋಗಾಲಯದಲ್ಲೇ ಇರುತ್ತೇನೆ ಎಂದು ಹೋದವನ ಸ್ಕೂಟರಿಗೆ ಲಾರಿ ಹೊಡೆದದ್ದು ಬೈಪಾಸಿನಲ್ಲಿ, ಆ ಮನೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ. ನಾನು ಐದು ದಿನದಿಂದ ಆ ಅರ್ಧ ಕಿಲೋಮೀಟರನ್ನೇ ನೋಡುತ್ತಿದ್ದೆ.

“ಎಷ್ಟು ಸಲ ಹೋಗಿದ್ರು ಸರ್?”

“ಹನ್ನೊಂದು,” ಎಂದರು. ಲೆಕ್ಕ ಇಟ್ಟಿದ್ದರು. “ಏನರ ಸಿಕ್ರ ನನಗ ಫೋನ್ ಮಾಡ್ರಿ. ಬ್ಯಾರೇ ಯಾರಿಗೂ ತೋರಸ್ಬ್ಯಾಡ್ರಿ. ಮಕ್ಕಳ ವಿಷಯ ನೋಡ್ರಿ, ಕಾಯ್ದೆ ಬಿಗಿ ಅದ.”

ಅವರ ಕಾರು ತಿರುಗುವವರೆಗೆ ನಿಂತಿದ್ದು, ಬ್ಯಾಗ್ ತೆರೆದೆ. ಚಪ್ಪಟೆಯಾದ ಡಬ್ಬಿ, ಒಡೆದ ಫೋನು, ಅಡಿಯಲ್ಲಿ ಮಡಿಸಿದ ಒಂದು ಬಟ್ಟೆ. ಒಂದು ಮೊಳ ಉದ್ದದ ಕಪ್ಪು ಖಣ, ರವಿಕೆಯ ಬಟ್ಟೆ. ಅದರ ತುಂಬ ಬಣ್ಣದ ದಾರದ ಚಿಕ್ಕ ಚಿಕ್ಕ ಹೊಲಿಗೆ, ಸಾಲು ಸಾಲಾಗಿ. ಹರೆಯದ ಹುಡುಗಿಯರ ತಲೆಯ ಕೊಬ್ಬರಿ ಎಣ್ಣೆಯ ವಾಸನೆ ಅದಕ್ಕಿತ್ತು. ಮಡಿಕೆಯೊಳಗೆ ಪ್ರಭುವಿನ ಅಕ್ಷರದ ಚೀಟಿ.

“ಕಾಶವ್ವನಿಂದ ಎರವಲು. ಗುರುವಾರದೊಳಗೆ ವಾಪಸ್, ಅವಳ ಕೈಗೇ. ಇಲ್ಲದಿದ್ದರೆ ಉಳಿದವರು ಅವಳನ್ನು ಬಿಡುವುದಿಲ್ಲ.”

ಗುರುವಾರ ಅವನನ್ನು ಮಣ್ಣು ಮಾಡಿದ ದಿನ.

ಅತ್ತೆ ಹಿಂದೆ ನಿಂತಿದ್ದರು. “ಯಾರಕಿ ಈ ಕಾಶವ್ವ?”

“ಗೊತ್ತಿಲ್ಲ.”

“ನನ್ನ ಮಗ ಅಂಥಾವ ಅಲ್ಲ.” ಸೆರಗಿಗೆ ಕೈ ಒರೆಸಿ, “ಅಂಥಾವ ಅಲ್ಲ ಅಂತ ಎಲ್ಲಾ ತಾಯಂದ್ರೂ ಅಂತಾರ,” ಎಂದರು.

ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಮದುವೆಗೆ ಮೊದಲು ಅವರು ಸೀರೆಗಳಿಗೆ ಕಸೂತಿ ಹಾಕುತ್ತಿದ್ದವರು. ತಿರುವಿ ಹಿಂಬದಿ ನೋಡಿ ಮುಖ ಕಿವುಚಿದರು.

“ಗಂಟ್ ಹಾಕ್ಯಾಳ! ಕಸೂತ್ಯಾಗ ಗಂಟ್ ಹಾಕಂಗೇ ಇಲ್ಲ. ಮುಂದ ಹೆಂಗೋ ಹಿಂದನೂ ಹಂಗ ಕಾಣ್ಬೇಕು.” ಉಗುರಿನಿಂದ ಒಂದು ಸಾಲನ್ನು ಸವರಿದರು. “ತೇರಿಲ್ಲ, ಗೋಪುರ ಇಲ್ಲ, ಏನೂ ಇಲ್ಲ. ಇಲ್ಲೆ ಬರೇ ಕೆಂಪ, ನೀಲಿ. ಇದರಾಗ ಐದು ಬಣ್ಣ. ಇದರಾಗ ಒಂದ. ಚಂದಕ್ಕ ಹಾಕಿದ್ದಲ್ಲವಾ ಇದು. ಏನೋ ನೆನಪಿಟ್ಕೊಳ್ಳಾಕ ಹಾಕ್ಯಾಳ.”

*

ಗುರುವಾರ ಪ್ರಯೋಗಾಲಯಕ್ಕೆ ಹೋದೆ. ಪ್ರಭುವಿನ ಮೇಜು ಖಾಲಿ ಮಾಡಬೇಕಿತ್ತು. ಇನಾಮದಾರರು ತಾವೇ ನನ್ನನ್ನು ಉಸ್ತುವಾರಿ ಕೋಣೆಗೆ ಕರೆದೊಯ್ದರು. ಗೋಡೆಯಗಲದ ಪರದೆ. ಪ್ರತಿ ಮಗುವಿಗೂ ಒಂದು ಚುಕ್ಕೆ. ಹುಡುಗರ ಮನೆಗಳಲ್ಲಿ ಹಸಿರಿನ ನಡುವೆ ಹಳದಿ, ಅಲ್ಲಲ್ಲಿ ಕೆಂಪು. ಕೊನೆಯಲ್ಲಿ ಒಂಬತ್ತು ಚುಕ್ಕೆಗಳ ಒಂದು ಗುಂಪು. ಅದೇ ಬೈಪಾಸಿನ ಮನೆ. ಅದರಲ್ಲಿ ಮೂರು ಹಳದಿ ಇದ್ದವು.

“ಹೋದ ವಾರದಿಂದ ಯಾಕೋ ಹಿಂಗಾಗ್ಯದ,” ಎಂದರು ಇನಾಮದಾರ. “ನೂರಾ ನಲವತ್ತು ದಿನ ಪೂರ್ತಿ ಹಸರ ಇತ್ತು. ಹುಡ್ಗ್ಯಾರು ಲಗೂನ ಹೊಂದ್ಕೋತಾರ್ರೀ. ಹುಡುಗೂರು ಬಡದಾಡ್ತಾರ, ಗಾಜ ಒಡೀತಾರ. ಇವ್ರು ಸುಮ್ಮ ಕೂತು ಕಸೂತಿ ಹಾಕ್ತಾರ.”

ಕೆಲಸದ ವಿವರವನ್ನು ಅವರು ಹೆಮ್ಮೆಯಿಂದಲೇ ಹೇಳಿದರು. ಮೊದಲು ಎಲ್ಲರಿಗೂ ಒಂದೇ ಸೂತ್ರ. ಅದನ್ನು ಅವರು ಗೆರೆ ಎನ್ನುತ್ತಿದ್ದರು. ಇನ್ನೂರು ಹುಡುಗರಿಂದ ಕಲಿತ ಗೆರೆ. ಹುಡುಗಿಯರು ಬೇರೆ, ಅವರ ಸಂಕಟವೂ ಬೇರೆ, ಅವರಿಗೆ ಬೇರೆ ಗೆರೆ ಬೇಕು ಎಂದು ಇಲಾಖೆ ಹೇಳಿತು. ಸರಿಯಾದ ಮಾತೇ. ಹಾಗಾಗಿ ಈ ಒಂಬತ್ತು ಮಂದಿಯ ನಾಡಿಯನ್ನೂ ಮನೆಯ ಮೇಡಂ ಬರೆಯುವ ದಿನಚರಿಯನ್ನೂ ಯಂತ್ರಕ್ಕೆ ಕೊಟ್ಟರು. ಜಗಳವಿಲ್ಲ, ಅಳುವಿಲ್ಲ, ಊಟ ಮಾಡಿದ್ದಾರೆ, ತರಗತಿಗೆ ಹೋಗಿದ್ದಾರೆ ಎಂದು ಮೇಡಂ ಬರೆದ ದಿನಗಳ ನಾಡಿಯೇ ಹೆಣ್ಣುಮಕ್ಕಳ ನೆಮ್ಮದಿ ಎಂದು ಯಂತ್ರ ಕಲಿಯಿತು.

“ಸೋಮವಾರ ಇಲಾಖೆಯವರ ಸಭಾ ಅದ. ಒಪ್ಪಿದ್ರು ಅಂದ್ರ ರಾಜ್ಯದ ಎಲ್ಲಾ ಹುಡ್ಗ್ಯಾರ ಮನೀಗೂ ಇದೇ ಗೆರಿ. ಹಸರ ಇದ್ದವ್ರಿಗೆ ಆಪ್ತಸಮಾಲೋಚಕರು ವಾರಾ ವಾರಾ ಬೇಕಾಗಂಗಿಲ್ಲ, ಮೂರು ತಿಂಗಳಿಗೊಮ್ಮೆ ಸಾಕು. ಸಭಾದಾಗ ಮೊದಲ ಪ್ರಭುಗ ಒಂದ್ ನಿಮಿಷ ಮೌನ ಆಚರಸ್ತೀವಿ. ನೀವೂ ಬರ್ರಿ. ಎರಡ್ ಮಾತಾಡ್ರಿ.”

ಅವರ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಯೊಂದಿತ್ತು. ತೆರೆದ ಬಾಯಿಯಲ್ಲಿ ಸಣ್ಣ ಉಕ್ಕಿನ ಕೊಂಡಿಗಳು, ಪ್ರತಿಯೊಂದಕ್ಕೂ ಬೀಗದ ಕಣ್ಣು.

“ಇವು ಏನು ಸರ್?”

“ಕೈಪಟ್ಟಿ ಬಿಚ್ಚಲಾರದಂಗ. ಹುಡ್ಗ್ಯಾರು ಅದಲ್‌ಬದಲ್ ಮಾಡ್ಕೋತಾರೇನೋ ಅಂತ ಪ್ರಭುಗ ಒಂದ್ ಸಂಶಯ ಇತ್ತು.” ಅವರು ನನ್ನ ಮುಖವನ್ನೇ ನೋಡುತ್ತಿದ್ದರು. “ಪುರಾವೆ ಸಿಕ್ರ ಅವತ್ತ ಹಾಕ್ಸೋದು. ಯಾರು ಮಾಡ್ಯಾರ ಅಂತ ಬಾಲನ್ಯಾಯ ಮಂಡಳಿಗೂ ಬರೀಬೇಕಾಗ್ತದ.”

ಮಂಡಳಿಗೆ ಬರೆದರೆ ಬಿಡುಗಡೆ ಮುಂದಕ್ಕೆ ಹೋಗುತ್ತದೆ. ಅದು ನನಗೂ ಗೊತ್ತಿತ್ತು. ನನ್ನ ಚೀಲದಲ್ಲಿ ಆ ಬಟ್ಟೆ ಇತ್ತು. ನಾನು ಚೀಲವನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ.

ಮೇಜು ಖಾಲಿ ಮಾಡುವಾಗ ಜಬೀನಾ ನೆರವಿಗೆ ಬಂದಳು. ಪ್ರತಿ ಮಂಗಳವಾರ ಆ ಮನೆಗೆ ಹೋಗಿ ಪಟ್ಟಿಗಳನ್ನು ಪರೀಕ್ಷಿಸಿ ಬರುವ ತಂತ್ರಜ್ಞೆ ಅವಳು. ಬಾಗಿಲ ಕಡೆ ನೋಡಿ, ತನ್ನ ಡ್ರಾಯರಿನಿಂದ ಕಾಗದದ ಕಟ್ಟೊಂದನ್ನು ತೆಗೆದು ನನ್ನ ಚೀಲಕ್ಕೆ ತುರುಕಿದಳು.

“ಪ್ರಭು ಸರ್ ಇಟ್ಕೋ ಅಂದಿದ್ರು. ನಿಮಗ ಕೊಡು ಅಂತ ಹೇಳಿರ್ಲಿಲ್ಲ. ಆದ್ರ ದೊಡ್ಡ ಸಾಹೇಬ್ರಿಗೂ ಕೊಡು ಅಂತ ಹೇಳಿರ್ಲಿಲ್ಲ ನೋಡ್ರಿ.”

“ಇದೇನು?”

“ಒಂಬತ್ತ ಮಂದೀ ನಾಡಿ. ನೀವೂ ಓದಿದವ್ರು ಅಂತಲ್ಲ. ಓದ್ರಿ.”

“ಕಾಶವ್ವ ಅಂದ್ರೆ ಯಾರು?”

ಅವಳು ಡ್ರಾಯರು ಮುಚ್ಚಿದಳು. “ಯಾಕ್ರೀ? ಸರ್ ಮ್ಯಾಲೆ ಡೌಟಾ?”

“ಹೌದು.”

“ಅಷ್ಟರ ಖರೇ ಹೇಳಿದ್ರಿ,” ಎಂದು ನಕ್ಕಳು. “ಹದಿನಾರ ವರ್ಸದ ಹುಡುಗಿರೀ. ಒಂಬತ್ತನೇ ನಂಬರ. ಸರ್ ಆಕಿ ಮುಂದ ಕುಂತ್ರ ಮೇಡಮ್ಮೂ ಇರ್ತಿದ್ರು, ನಾನೂ ಇರ್ತಿದ್ದೆ. ಆಕಿ ಮಾತ ಆಡಂಗಿಲ್ಲ. ಇವ್ರೂ ಆಡಂಗಿಲ್ಲ. ಇಬ್ರನ್ನೂ ನೋಡಿ ನಮಗ ನಿದ್ದಿ ಬರ್ತಿತ್ತು.”

*

ಮನೆಯಲ್ಲಿ ಕಾಗದಗಳನ್ನು ನೆಲದ ಮೇಲೆ ಹರಡಿದೆ. ಒಂದು ಹಾಳೆಗೆ ಒಂದು ದಿನ, ಹಾಳೆಯಲ್ಲಿ ಒಂಬತ್ತು ವಕ್ರರೇಖೆಗಳು.

ಆರೋಗ್ಯವಂತರ ನಾಡಿ ಗಡಿಯಾರದಂತೆ ಬಡಿಯುವುದಿಲ್ಲ. ಉಸಿರು ಎಳೆದಾಗ ಸ್ವಲ್ಪ ಬೇಗ, ಬಿಟ್ಟಾಗ ಸ್ವಲ್ಪ ನಿಧಾನ. ಹಗಲು ಏರು, ನಿದ್ದೆಯಲ್ಲಿ ಇಳಿತ. ನೆಮ್ಮದಿಯ ನಾಡಿಯಲ್ಲಿ ಈ ತೂಗಾಟ ಚೆನ್ನಾಗಿ ಕಾಣುತ್ತದೆ. ಮನಸ್ಸು ಮರಗಟ್ಟಿದವರಲ್ಲಿ ಅದು ಸತ್ತಿರುತ್ತದೆ. ನಾಡಿ ಸಮತಟ್ಟಾಗಿ, ಯಾವುದಕ್ಕೂ ಕದಲದೆ ನಡೆಯುತ್ತದೆ. ಹುಡುಗರಲ್ಲಿ ಗದ್ದಲ ಮಾಡುವವರೇ ಹೆಚ್ಚು. ಆದರೆ ಸುಮ್ಮನಾಗಿಬಿಟ್ಟ ಇಬ್ಬರು ಹುಡುಗರು ತಮಗೆ ತಾವೇ ಗಾಯ ಮಾಡಿಕೊಂಡಿದ್ದರು. ಹುಡುಗಿಯರ ಗೆರೆ ಬೇರೆಯಾದ ಮೇಲಷ್ಟೇ, ಆ ಇಬ್ಬರಿಂದ, ಗಂಡಿನ ಗೆರೆ ಸಮತಟ್ಟು ನಾಡಿಗೆ ಹೆದರುವುದನ್ನು ಕಲಿತಿತ್ತು. ಇದೆಲ್ಲ ಹಾಳೆಗಳ ಅಂಚಿನಲ್ಲಿ ಪ್ರಭುವಿನ ಕೈಯಲ್ಲೇ ಇತ್ತು. ನನಗೆ ಒಮ್ಮೆಯೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮೊದಲ ದಿನದ ಹಾಳೆ. ಒಂಬತ್ತನೆಯ ರೇಖೆ ಸಮತಟ್ಟು. ಮೂರನೆಯದು ಮತ್ತು ಐದನೆಯದು ಅದರ ಮೇಲೆಯೇ ಬರೆದಂತೆ ಇದ್ದವು, ಒಂದೊಂದು ಬಡಿತವೂ. ಎರಡು ದೇಹಗಳ ನಾಡಿ ಹಾಗೆ ಕೂಡುವುದಿಲ್ಲ. ಮೂರಂತೂ ಸಾಧ್ಯವೇ ಇಲ್ಲ.

“ಅತ್ತಿ, ಮೊದಲನೇ ಸಾಲಿನಾಗ ಏನೇನು ಬಣ್ಣ ಐತಿ?”

ಅತ್ತೆ ಕನ್ನಡಕ ಏರಿಸಿದರು. “ಕೆಂಪ. ನೀಲಿ.”

“ಎರಡನೇದು?”

“ಬರೇ ಕೆಂಪ.”

ಎರಡನೆಯ ದಿನ ಮೂರನೆಯ ರೇಖೆ ಮಾತ್ರ ಒಂಬತ್ತರ ಮೇಲೆ ಕೂತಿತ್ತು. ಕೆಂಪು ಅಂದರೆ ಮೂರು, ನೀಲಿ ಅಂದರೆ ಐದು. ಹೀಗೇ ನಲವತ್ತು ಸಾಲು ನೋಡಿದೆವು, ಅತ್ತೆ ಬಣ್ಣ ಹೇಳುವುದು, ನಾನು ಹಾಳೆ ತಿರುವುವುದು. ಒಂದೂ ತಪ್ಪಲಿಲ್ಲ. ಹದಿನೆಂಟನೆಯ ದಿನ ಐದು ಬಣ್ಣ. ಒಬ್ಬಳ ಎರಡು ಕೈಯಲ್ಲಿ ಆರು ಪಟ್ಟಿ.

ಯಾವ ಹುಡುಗಿಗೆ ಆ ದಿನ ಎದೆ ತಡೆಯುತ್ತಿರಲಿಲ್ಲವೋ ಅವಳು ತನ್ನ ಪಟ್ಟಿ ಬಿಚ್ಚಿ ಕಾಶವ್ವನಿಗೆ ಕೊಡುತ್ತಿದ್ದಳು. ಕಾಶವ್ವನ ನಾಡಿ ಯಾವತ್ತೂ ಹಸಿರು. ಅವಳು ಯಾರ ಪಟ್ಟಿ ಹೊತ್ತಳೆಂದು ಬಟ್ಟೆಯ ಮೇಲೆ ದಾರ ಎಳೆದಿಡುತ್ತಿದ್ದಳು, ಬೆಳಿಗ್ಗೆ ಅವರವರದು ಅವರವರಿಗೆ ಸರಿಯಾಗಿ ಸೇರಲಿ ಎಂದಿರಬೇಕು.

“ಯಾಕ ಹಿಂಗ್ ಮಾಡ್ತಾವ?” ಎಂದರು ಅತ್ತೆ.

ಕಾರಣ ಹಾಳೆಯ ಅಂಚಿನಲ್ಲಿತ್ತು. ಹಳದಿ ಬಂದ ಹುಡುಗಿಗೆ ಸೂಜಿ ಕೊಡುವಂತಿಲ್ಲ, ಕಸೂತಿ ತರಗತಿ ಬಂದ್. ಭಾನುವಾರ ತಾಯಿಗೆ ಫೋನ್ ಬಂದ್. ಮಂಡಳಿಯ ವರದಿಯಲ್ಲಿ ಒಂದು ಸಾಲು. ನೆರವು ಎಂದು ಬರೆದ ಹಲಗೆಯ ಹಿಂದೆ ಶಿಕ್ಷೆ ಇದ್ದರೆ ಯಾರು ಕೈ ಎತ್ತುತ್ತಾರೆ?

ಹೀಗೆ ಎಂಟು ಹುಡುಗಿಯರು ತಮ್ಮ ಕೆಟ್ಟ ದಿನಗಳನ್ನು ಕಾಶವ್ವನ ನಾಡಿಯ ಹಿಂದೆ ಬಚ್ಚಿಟ್ಟರು. ಮೇಡಂ ದಿನಚರಿಯಲ್ಲಿ “ಗಲಾಟೆ ಇಲ್ಲ” ಎಂದು ಬರೆದರು. ಯಂತ್ರ ಎರಡನ್ನೂ ಕೂಡಿಸಿತು. ಹೆಣ್ಣಿನ ನೆಮ್ಮದಿ ಎಂದು ಅದು ಕಲಿತದ್ದು ಮರಗಟ್ಟಿದ ಒಬ್ಬ ಹುಡುಗಿಯನ್ನು. ಇನ್ನು ಮೇಲೆ ರಾಜ್ಯದಲ್ಲಿ ಯಾವ ಹುಡುಗಿ ಹಾಗೆ ಮರಗಟ್ಟಿದರೂ ಅವಳಿಗೆ ಹಸಿರು.

ನನ್ನ ಕೈ ನೋಡಿಕೊಂಡೆ.

ಅತ್ತೆಯೂ ನೋಡಿದರು. “ಅದನ್ನ ಯಾಕ ಇನ್ನೂ ಕಟ್ಕೊಂಡೀಯ?”

“ನಾ ಹೆಂಗದೀನಿ ಅಂತ ನೋಡಾಕ.”

“ಅದಕ್ಕ ಅದನ್ಯಾಕ ಕೇಳ್ತಿ. ನನ್ನ ಕೇಳು.” ಎಂದು ಬಟ್ಟೆಯನ್ನು ಮಡಿಸಿ, ನನ್ನ ಸೀರೆಗಳ ನಡುವೆ ಇಟ್ಟರು. ಹೊರಗೆ ಬಂದು, “ಆ ಸಾಹೇಬ ಕೇಳಿದ್ರ ನಾ ಏನೂ ನೋಡಿಲ್ಲ,” ಎಂದರು.

ಒಂದು ಸಂಶಯ ಮಾತ್ರ ಉಳಿಯಿತು. ಪ್ರಭು ಈ ಬಟ್ಟೆಯನ್ನು ತಂದದ್ದು ಯಾಕೆ? ಬುಧವಾರ ಅವನು ಆ ಮನೆಯಿಂದ ಹೊರಟಾಗ ಸ್ಕೂಟರಿನ ಮುಖ ಊರ ಕಡೆಗಿತ್ತು. ಮನೆಯೂ ಆ ಕಡೆ, ಪ್ರಯೋಗಾಲಯವೂ ಆ ಕಡೆ. ಪುರಾವೆ ಎಂದು ಇನಾಮದಾರರಿಗೆ ಕೊಡಲು ಹೊರಟಿದ್ದನೇ? ಹಾಳೆಯೊಂದಿಗೆ ತಾಳೆ ನೋಡಿ ಹಿಂತಿರುಗಿಸಲು ತಂದಿದ್ದನೇ? ಚೀಟಿಯಲ್ಲಿ “ಅವಳ ಕೈಗೇ” ಎಂದಿತ್ತು. ಚೀಟಿ ಬರೆದವರೂ ಮನಸ್ಸು ಬದಲಿಸುತ್ತಾರೆ.

ಬಟ್ಟೆ ಇನಾಮದಾರರ ಕೈ ಸೇರಿದರೆ ಒಂಬತ್ತು ಮಣಿಕಟ್ಟಿಗೆ ಬೀಗ, ಒಂಬತ್ತು ಬಿಡುಗಡೆ ಮುಂದಕ್ಕೆ. ಬಟ್ಟೆಯನ್ನು ತೋರಿಸದಿದ್ದರೆ ಆ ಗೆರೆ ಸೋಮವಾರ ರಾಜ್ಯಕ್ಕೆಲ್ಲ. ಮೂರು ದಿನ ಇದನ್ನೇ ತೂಗಿದೆ. ಪಟ್ಟಿ ಕೈಯಲ್ಲೇ ಇತ್ತು. ಸ್ನಾನಕ್ಕೂ ಬಿಚ್ಚಲಿಲ್ಲ.

*

ಸೋಮವಾರ ಸಭೆ. ಎದ್ದು ನಿಂತು ಒಂದು ನಿಮಿಷ ಮೌನ. ಪರದೆಯ ಮೇಲೆ ಬೆಂಗಳೂರಿನಿಂದ ಇಲಾಖೆಯ ಅಧಿಕಾರಿಣಿಯೊಬ್ಬರು, ಬೆಳ್ಳಗಾದ ಕೂದಲು, ಓದುವ ಕನ್ನಡಕ. ಇನಾಮದಾರರು ನನ್ನ ಕಡೆ ತಿರುಗಿದರು.

“ಶಿವಲೀಲಾ ಅವರು ಎರಡು ಮಾತಾಡ್ತಾರ.”

ಪ್ರಭುವಿನ ಬಗ್ಗೆ ಏನೂ ಹೇಳಲಿಲ್ಲ. ತೋಳನ್ನು ಮೇಜಿನ ಮೇಲಿಟ್ಟು ಸೆರಗು ಸರಿಸಿದೆ.

“ಮಂಗಳವಾರದಿಂದ ಇದನ್ನು ಕಟ್ಟಿಕೊಂಡಿದ್ದೇನೆ. ಗಂಡ ಸತ್ತು ಹನ್ನೆರಡು ದಿನ. ನಾನು ಅತ್ತಿಲ್ಲ. ಊಟದ ರುಚಿ ಗೊತ್ತಾಗುವುದಿಲ್ಲ. ನಿನ್ನೆ ಕುದಿಯುವ ಪಾತ್ರೆ ಮುಟ್ಟಿದೆ, ಸುಟ್ಟದ್ದು ಅತ್ತೆ ಹೇಳಿದ ಮೇಲೆ ತಿಳಿಯಿತು.” ಬೊಬ್ಬೆ ಎದ್ದ ಬೆರಳನ್ನು ತೋರಿಸಿದೆ. “ಆರು ದಿನವೂ ನಿಮ್ಮ ಹೆಣ್ಣಿನ ಗೆರೆ ನನಗೆ ನೆರವು ಬೇಕಿಲ್ಲ ಎಂದಿದೆ. ಗಂಡಿನ ಗೆರೆ ಆರು ದಿನವೂ ನನ್ನನ್ನು ಒಂಟಿಯಾಗಿ ಬಿಡಬೇಡಿ ಎಂದಿದೆ. ದಾಖಲೆ ಇಲ್ಲಿದೆ.”

ಫೋನನ್ನು ಮೇಜಿನ ನಡುವೆ ತಳ್ಳಿದೆ.

ಇನಾಮದಾರರು ಮೆಲ್ಲಗೆ ನಕ್ಕರು. ದುಃಖದಲ್ಲಿದ್ದವರ ಮುಂದೆ ನಗುವ ಹಾಗೆ. “ನಿಮ್ಮ ಸಂಕಟ ಅರ್ಥ ಆಗ್ತದ್ರೀ. ಆದ್ರ ಇದು ಮಕ್ಕಳಿಗೆ ಮಾಡಿದ್ದು. ನಿಮ್ಮ ವಯಸ್ಸು ಮೂವತ್ತೊಂದು. ಅಲ್ಲದ ಒಬ್ಬರ ಕೈ ಇಟ್ಕೊಂಡು ಇಡೀ ಗೆರಿ ತಪ್ಪು ಅನ್ಲಿಕ್ಕಾಗಂಗಿಲ್ಲ. ನೀವೂ ಸಂಖ್ಯಾಶಾಸ್ತ್ರ ಓದಿದವ್ರು.”

“ಹೌದು ಸರ್. ಒಬ್ಬರ ಕೈ ಸಾಲದು.” ಅವರ ಕಣ್ಣನ್ನೇ ನೋಡಿದೆ. “ನಿಮ್ಮ ಗೆರೆಯಲ್ಲಿ ಎಷ್ಟು ಕೈ ಇದ್ದವು?”

ಜಬೀನಾ ಗೋಡೆಯ ಬಳಿ ತಲೆ ತಗ್ಗಿಸಿದಳು.

ಇನಾಮದಾರರ ಕಣ್ಣು ಮೊದಲು ಜಬೀನಾಳ ಕಡೆಗೆ ಹೋಯಿತು. ಆ ನೋಟದಿಂದ ನನಗೆ ತಿಳಿಯಿತು. ಅವರಿಗೆ ಮೊದಲೇ ಗೊತ್ತಿತ್ತು. ಆ ವಕ್ರರೇಖೆಗಳನ್ನು ಅವರೂ ನೋಡಿದ್ದರು. ಅವರು ಹುಡುಕುತ್ತಿದ್ದ ಪುರಾವೆ ಮಂಡಳಿಗೆ ಕೊಡಲಿಕ್ಕಲ್ಲ. ಅದು ಹೊರಗೆ ಬಂದರೆ ಮೊದಲು ಬೀಳುವುದು ಅವರ ಗೆರೆ. ಬೀಗದ ಕೊಂಡಿಗಳು ನನ್ನನ್ನು ಹೆದರಿಸಲು, ಪ್ರಭುವನ್ನು ಹೆದರಿಸಲು ಇಟ್ಟದ್ದು. ಬಟ್ಟೆ ಸಿಕ್ಕಿದ್ದರೆ ಅವರು ಸುಡುತ್ತಿದ್ದರು.

“ಒಂಬತ್ತು,” ಎಂದರು.

“ಒಂಬತ್ತು,” ಎಂದೆ ನಾನೂ.

ಅವರು ನೀರು ಕುಡಿದರು. ಪರದೆಯ ಮೇಲಿದ್ದ ಅಧಿಕಾರಿಣಿ ಕನ್ನಡಕ ತೆಗೆದರು. “ಇನ್ನೂರು ಹುಡುಗರು, ಒಂಬತ್ತೇ ಹುಡುಗಿಯರಾ? ಯಾಕೆ?”

“ಹುಡ್ಗ್ಯಾರು ಕಡಿಮಿ ಇರ್ತಾರ ಮೇಡಂ, ಮನೀನೂ ಕಡಿಮಿ.”

“ಕಡಿಮೆ ಇದ್ದಾರೆ ಅಂತ ಕಡಿಮೆ ನೋಡೋದಾ?” ಅವರು ಏನೋ ಬರೆದುಕೊಂಡರು. “ಡಾಕ್ಟ್ರೇ, ನೀವೇ ಹೇಳಿ. ಈ ಗೆರೆ ಈಗಲೇ ಎಲ್ಲಾ ಕಡೆ ಹಾಕಬಹುದಾ?”

ಇನಾಮದಾರರು ನನ್ನ ಚೀಲದ ಕಡೆ ನೋಡಿದರು. ಬಟ್ಟೆ ಅದರಲ್ಲಿ ಇರಲಿಲ್ಲ. ಅವರಿಗೆ ಅದು ಗೊತ್ತಿರಲಿಲ್ಲ.

“ಇನ್ನೊಂದ್ ವರ್ಷ ತಡದ್ರ ಛಲೋ,” ಎಂದರು. “ಹೆಚ್ಚಿನ ಮನಿಗಳಾಗ ಹೊಸದಾಗಿ ಕಲಿಸ್ಬೇಕಾಗ್ತದ.”

“ಅಲ್ಲೀವರೆಗೆ ಯಾವ ಬಣ್ಣ ಬಂದ್ರೂ ಸಮಾಲೋಚಕರು ಪ್ರತಿ ಹುಡುಗಿಯನ್ನೂ ವಾರ ವಾರ ನೋಡಲಿ. ಬಣ್ಣ ನೋಡಿ ಫೋನು, ತರಗತಿ ನಿಲ್ಲಿಸ್ತಾರೆ ಅಂತ ಆ ಮನೆಯ ವರದಿಯಲ್ಲಿ ಓದಿದೆ, ಅದು ಬೇಡ. ಹಾಗೆ ಮಾಡಿ ಅಂತ ಯಾರು ಹೇಳಿದ್ದು?” ಇನಾಮದಾರರು ಮತ್ತೆ ನೀರಿನ ಲೋಟ ಎತ್ತಿದರು. ಅವರು ನನ್ನ ಕಡೆ ತಿರುಗಿದರು. “ನಿಮ್ಮ ಊರಲ್ಲಿ ನಿಮ್ಮನ್ನ ಯಾರಾದರೂ ಡಾಕ್ಟರು ನೋಡ್ತಾ ಇದ್ದಾರಾ ಅಮ್ಮಾ?”

“ಇಲ್ಲ.”

“ಬೇಕಾ?”

ಪಟ್ಟಿ ಹಸಿರು ತೋರಿಸುತ್ತಿತ್ತು.

“ಬೇಕು,” ಎಂದೆ.

*

ಮರುದಿನ ಜಬೀನಾಳ ಜೊತೆ ಬೈಪಾಸಿನ ಮನೆಗೆ ಹೋದೆ. ಪಟ್ಟಿಗಳ ಪೆಟ್ಟಿಗೆ ಹಿಡಿಯುವ ಸಹಾಯಕಿ ಎಂದು ಅವಳು ಗೇಟಿನ ಪುಸ್ತಕದಲ್ಲಿ ನನ್ನ ಹೆಸರು ಬರೆಸಿದಳು. ಲಾರಿ ಹೊಡೆದ ಜಾಗ ದಾರಿಯಲ್ಲೇ ಇತ್ತು. ಅವಳು ಸ್ಕೂಟಿಯ ವೇಗ ತಗ್ಗಿಸಿದಳು. ನಾನು ನಿಲ್ಲಿಸು ಎನ್ನಲಿಲ್ಲ. ಅವನ ಸಾವನ್ನು ಹುಡುಗಿಯರಿಗೆ ತಿಳಿಸಲು ಮೇಡಂ ಬಿಟ್ಟಿಲ್ಲ ಎಂದಳು.

ಉದ್ದನೆಯ ಕೋಣೆ. ಗೋಡೆಗೆ ಒರಗಿ ಎಂಟು ಹುಡುಗಿಯರು ಒಂದು ಕಡೆ. ಕಿಟಕಿಯ ಕೆಳಗೆ ಒಬ್ಬಳೇ ಒಬ್ಬಳು. ಎರಡು ಜಡೆ, ಸಣ್ಣ ಗಲ್ಲ, ತೊಡೆಯ ಮೇಲೆ ಏನೂ ಇಲ್ಲದ ಕೈಗಳು. ಅವಳ ಹತ್ತಿರ ಯಾರೂ ಕುಳಿತಿರಲಿಲ್ಲ. ನೀರಿನ ಹೂಜಿ ಎಂಟು ಜನರ ಮಧ್ಯೆ ಸುತ್ತಿ ಅವಳವರೆಗೆ ಬಾರದೆ ನಿಂತಿತು.

ಮೇಡಂ ಫೋನಿನಲ್ಲಿದ್ದರು. ಜಬೀನಾ ಎಂಟು ಜನರ ಮುಂದೆ ಪೆಟ್ಟಿಗೆ ತೆರೆದು ದೊಡ್ಡ ದನಿಯಲ್ಲಿ ಹೆಸರು ಕರೆಯತೊಡಗಿದಳು. ನಾನು ಕಿಟಕಿಯ ಬಳಿ ಹೋಗಿ ಕೂತೆ.

“ಕಾಶವ್ವ?”

ಅವಳು ನನ್ನ ಕೈಯ ಪಟ್ಟಿಯನ್ನು ನೋಡಿದಳು. ಆಮೇಲೆ ಬರಿಯ ಕುತ್ತಿಗೆಯನ್ನು. “ನೀವ್ಯಾರು?”

“ಪ್ರಭು ಅವರ ಹೆಂಡತಿ.”

“ಅಂವ ಬರ್ಲಿಲ್ಲ. ಗುರುವಾರದೊಳಗ ಕೊಡ್ತೀನಿ ಅಂದಿದ್ದ.” ದನಿಯಲ್ಲಿ ಸಿಟ್ಟೂ ಇರಲಿಲ್ಲ. “ನಾ ಅವ್ನ ನಂಬಿ ಕೊಟ್ಟೆ. ಈಗ ಇವ್ರ್ಯಾರೂ ನನ್ನ ಕೂಡ ಮಾತಾಡಂಗಿಲ್ಲ. ಮಾರ್ಕೊಂಡ್ಲು ಅಂತಾರ. ಯಾರೂ ಪಟ್ಟಿ ಕೊಡಂಗಿಲ್ಲ. ಮೂರ ಮಂದೀಗ ಹಳದಿ ಬಂತು.”

“ಬುಧವಾರ ಇಲ್ಲಿಂದ ಹೋಗುವಾಗ ಲಾರಿ ಹೊಡೆದು ತೀರಿಹೋದರು.”

ಅವಳು ಬಹಳ ಹೊತ್ತು ನನ್ನ ಮುಖವನ್ನು ನೋಡಿದಳು. ಸುಳ್ಳು ಇದೆಯೇ ಎಂದು ಹುಡುಕುವ ನೋಟ. ಅತ್ತೆ ಹುಡುಕಿದ ಹಾಗಲ್ಲ. ಇವಳು ನನ್ನ ಕಣ್ಣೀರನ್ನು ಹುಡುಕುತ್ತಿರಲಿಲ್ಲ.

“ನೀವು ಅಳಂಗಿಲ್ಲೇನು?” ಎಂದಳು ಕೊನೆಗೆ.

“ಬರುವುದಿಲ್ಲ.”

“ನನಗೂ.”

ರವಿಕೆಯೊಳಗಿಂದ ಬಟ್ಟೆ ತೆಗೆದು ಸೆರಗಿನ ಮರೆಯಲ್ಲಿ ಅವಳ ಕೈಗಿಟ್ಟೆ. ಅವಳು ತಕ್ಷಣ ಮುಷ್ಟಿ ಕಟ್ಟಿದಳು.

“ಯಾರಿಗೆ ತೋರ್ಸೀರಿ?”

“ನಮ್ಮ ಅತ್ತೆಗೆ. ಬೇರೆ ಯಾರಿಗೂ ಇಲ್ಲ.”

“ಆಕಿ ಏನಂದ್ಲು?”

“ಕಸೂತಿಯಲ್ಲಿ ಗಂಟು ಹಾಕಬಾರದು ಅಂತ ಬೈದರು.”

“ಗಂಟ್ ಹಾಕ್ದಿದ್ರ ಕತ್ತಲದಾಗ ಬಳ್ಳಿಗೆ ಹೆಂಗ್ ತಿಳೀತೈತಿ,” ಎಂದಳು, ದಡ್ಡರಿಗೆ ಹೇಳುವಂತೆ. ಯಾವ ಬಣ್ಣವೆಂದು ಬೆರಳಿಗೆ ತಿಳಿಯಲೆಂದೇ ಗಂಟು. ಅದು ನನಗೂ ಅತ್ತೆಗೂ ಹೊಳೆದಿರಲಿಲ್ಲ. “ಅಂವ ಇದರ ಫೋಟೋ ತಗದಾನೇನು?”

ಇಲ್ಲ ಎನ್ನಬಹುದಿತ್ತು. ಒಡೆದ ಫೋನಿನಲ್ಲಿ ಏನಿತ್ತೋ ಯಾರಿಗೂ ಗೊತ್ತಿಲ್ಲ.

“ನನಗೆ ಗೊತ್ತಿಲ್ಲ,” ಎಂದೆ.

ಅವಳು ತಲೆಯಾಡಿಸಿದಳು. ಆ ಉತ್ತರ ಅವಳಿಗೆ ಸಾಕಾಯಿತೋ ಏನೋ. ನಾನು ಏಳಲು ಹೋದೆ.

“ಕೂಡ್ರಿ,” ಎಂದಳು. “ನಾ ನೋಡೋಮಟ ಹೋಗಬ್ಯಾಡ್ರಿ.”

ಕೂತೆ. ಅವಳು ಬಟ್ಟೆಯನ್ನು ಲಂಗದ ಮಡಿಕೆಯಲ್ಲಿ ಬಿಡಿಸಿ, ಕಣ್ಣು ಎದುರುಗೋಡೆಯ ಮೇಲಿಟ್ಟು, ಬೆರಳಿನಿಂದ ಒಂದೊಂದೇ ಸಾಲನ್ನು ಮುಟ್ಟುತ್ತ ಹೋದಳು. ಯಾವುದಾದರೂ ದಾರ ಎಳೆದಿದ್ದಾರೆಯೇ, ಯಾರದಾದರೂ ಬಣ್ಣ ಕತ್ತರಿಸಿದ್ದಾರೆಯೇ ಎಂದು. ಆ ಕಡೆ ಎಂಟು ಹುಡುಗಿಯರು ಅವಳ ಬೆರಳು ಚಲಿಸುವುದನ್ನು ನೋಡಿ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ನೂರಾ ನಲವತ್ತು ಸಾಲು. ನಾನು ಅಲುಗಾಡದೆ ಕೂತಿದ್ದೆ. ಕೊನೆಯ ಸಾಲು ದಾಟಿದ ಮೇಲೆ ಅವಳು ಬಟ್ಟೆಯನ್ನು ಮಡಿಸಿ ರವಿಕೆಯೊಳಗೆ ಸೇರಿಸಿ, ನನ್ನ ಕಡೆ ನೋಡದೆಯೇ ಎಂಟು ಜನರ ಕಡೆ ತಿರುಗಿ ಹೇಳಿದಳು.

“ಸರಿ ಐತಿ.”

ಅವರಲ್ಲಿ ಎಲ್ಲಕ್ಕಿಂತ ಚಿಕ್ಕವಳು ಎದ್ದು, ಹೂಜಿ ಎತ್ತಿಕೊಂಡು ಬಂದಳು.